ಅಂಚೆಗೆ ಹಾಕಿದ ಓಟು

ಮದುವೆಯಾಗಿ ಕಾಸರಗೋಡಿನಿಂದ ಮಟ್ಟಾಂಚೇರಿಗೆ ಬಂದ ಮೇಲೆ ನನಗೆ ಕನ್ನಡ ಮಾತಾಡಲು ಸಿಗುತ್ತಿದ್ದುದು ಇವರೊಬ್ಬರೇ. ಅದೂ ಎರ್ನಾಕುಲಂನ ಸರಕಾರಿ ಕಚೇರಿ ಮುಗಿಸಿ, ಸಂಜೆ ದೋಣಿಯಲ್ಲಿ ಮರಳಿದ ಮೇಲೆ. ಹಗಲೆಲ್ಲ ಮನೆಯ ಕೆಳಗಿನ ಗೋದಾಮಿನ ಮೆಣಸಿನ ಘಾಟಿಗೆ ಸೀನುತ್ತ ಅಜ್ಜಿಯನ್ನು ನೆನೆಯುತ್ತಿದ್ದೆ. ಅಜ್ಜಿಗೆ ನಾನು ಮುದ್ದಿನ ಪುಳ್ಳಿ, ಅಂದರೆ ಮೊಮ್ಮಗಳು. ಊರಲ್ಲಿ ಇಲ್ಲದವರ ಹೆಸರು, ನಕ್ಷತ್ರ ಹೇಳಿ ದೇವರ ಡಬ್ಬಿಗೆ ಕಾಣಿಕೆ ಹಾಕುವುದು ಅವರ ರೂಢಿ. ಈಗ ನನ್ನ ಹೆಸರೂ ಆ ಸಾಲಿಗೆ ಸೇರಿತಲ್ಲ ಎಂದುಕೊಳ್ಳುತ್ತ ಅರ್ಧ ಊಟಕ್ಕೇ ಏಳುತ್ತಿದ್ದೆ.

ಆಗಷ್ಟೇ ಕಾಸರಗೋಡು ಹೊಸ ಕೇರಳಕ್ಕೆ ಸೇರಿತ್ತು. ಚುನಾವಣೆ ಹತ್ತಿರ ಬಂದಂತೆ ತವರಿನ ನಮ್ಮ ಬೀದಿಯಲ್ಲಿ ಒಂದೇ ಮಾತು: ನಾವು ಕನ್ನಡದವರ ಜತೆ ಹೋಗಬೇಕು. ಅದನ್ನೇ ಹೇಳಿ ಅಲ್ಲೊಬ್ಬರು ವಿಧಾನಸಭೆಗೆ ನಿಂತಿದ್ದರು. ಅವರಿಗೆ ಓಟು ಹಾಕಲೇಬೇಕೆಂದು ನನಗೆ ಆಸೆ. ಆದರೆ ಇವರು, ಎಲ್ಲದರಲ್ಲೂ ಮಹಾ ಶಿಸ್ತು, ನನ್ನ ಹೆಸರನ್ನು ಮಟ್ಟಾಂಚೇರಿಯ ಪಟ್ಟಿಗೆ ಸೇರಿಸಿಬಿಟ್ಟಿದ್ದರು.

“ನನ್ನನ್ನು ಒಂದು ಮಾತು ಕೇಳಬಾರದಿತ್ತಾ?” ಎಂದು ಹಾರಾಡಿದೆ.

“ಇರುವುದು ಇಲ್ಲಿ, ಓಟು ಅಲ್ಲಿಯಾ? ಎಂತ ಮಾತು ಮಾರಾಯ್ತಿ ನಿಂದು!”

ಅದೇ ದಿನಗಳಲ್ಲಿ ಕಚೇರಿಯ ಕೆಲಸಕ್ಕೆ ತಿರುವನಂತಪುರಕ್ಕೆ ಹೊರಟವರು ನನ್ನನ್ನೂ ಕರೆದುಕೊಂಡು ಹೋದರು. ಸಂಜೆ ಅಲ್ಲೊಂದು ಸಭಾಂಗಣದಲ್ಲಿ ಅಮೆರಿಕದ ಚುನಾವಣೆಯ ಸಿನಿಮಾವನ್ನು ಪುಕ್ಕಟೆಯಾಗಿ ತೋರಿಸುತ್ತಿದ್ದರು. ಅಧ್ಯಕ್ಷನಾಗಲು ಹೊರಟವನು ರೈಲಿನ ಕೊನೆಯ ಡಬ್ಬಿಯಲ್ಲಿ ನಿಂತು ಊರೂರಿಗೂ ಭಾಷಣ ಬಿಗಿಯುತ್ತಿದ್ದ. ಯಾರದೋ ಕೂಸನ್ನು ಎತ್ತಿಕೊಂಡು ಮುದ್ದಿಸುತ್ತಿದ್ದ. ಹೆಂಗಸರು ಅವನ ಹೆಸರಿನ ಬಿಲ್ಲೆ ಚುಚ್ಚಿಕೊಂಡು ಮನೆಮನೆಯ ಬಾಗಿಲು ತಟ್ಟುತ್ತಿದ್ದರು. ಇವರು ಕಿವಿಯಲ್ಲಿ ವಿವರಿಸಿದರು: ಅಲ್ಲಿ ಒಂದೊಂದು ರಾಜ್ಯಕ್ಕೂ ಇಂತಿಷ್ಟು ಎಂದು ಮತಗಳಿವೆಯಂತೆ, ರಾಜ್ಯದಲ್ಲಿ ಯಾರು ಮುಂದೆ ಬರುತ್ತಾರೋ ಅಷ್ಟೂ ಅವರಿಗೇ ಹೋಗುತ್ತದಂತೆ.

“ಹಾಗಾದರೆ ಉಳಿದವರು ಹಾಕಿದ್ದು?”

“ನೀರಲ್ಲಿ ಹೋಮ.”

“ಪಾಪ, ನಮ್ಮ ಹಾಗೆಯೇ,” ಎಂದೆ.

ಆಮೇಲೆ ಪರದೆಯ ಮೇಲೆ ಒಬ್ಬ ಸಿಪಾಯಿ ಬಂದ. ಎಲ್ಲೋ ದೂರದೇಶದಲ್ಲಿ ಕೂತು ಮತಪತ್ರಕ್ಕೆ ಗುರುತು ಹಾಕಿ, ಲಕೋಟೆ ಅಂಟಿಸಿ ತನ್ನ ಊರಿಗೆ ಅಂಚೆಯಲ್ಲಿ ಕಳಿಸಿದ. ಊರಿನವರು ಅದನ್ನು ಒಡೆದು ಎಣಿಸಿದರು. ನನಗೆ ಕಣ್ಣು ತುಂಬಿ ಬಂತು. ಊರು ಬಿಟ್ಟವನನ್ನೂ ಲೆಕ್ಕಕ್ಕೆ ಹಿಡಿಯುವ ಊರು ಎಲ್ಲೋ ಒಂದು ಕಡೆ ಉಂಟಲ್ಲ! ಮರಳುವ ದಾರಿಯುದ್ದಕ್ಕೂ ನನಗೆ ಅದೇ ಗುಂಗು.

ನಮ್ಮಲ್ಲಿ ಆಗ ಅಭ್ಯರ್ಥಿಗೊಂದು ಪೆಟ್ಟಿಗೆ, ಅದರ ಮೇಲೆ ಅವರವರ ಚಿಹ್ನೆ. ಕೈಗೆ ಕೊಡುವ ಕಾಗದದಲ್ಲಿ ಯಾರ ಹೆಸರೂ ಇಲ್ಲ, ಗುರುತು ಹಾಕುವುದೂ ಇಲ್ಲ. ಬೇಕಾದವರ ಪೆಟ್ಟಿಗೆಗೆ ಹಾಕಿದರೆ ಮುಗಿಯಿತು. ಒಂದೊಂದು ಕಡೆ ಒಂದೊಂದು ದಿನ ಮತದಾನ. ನಮ್ಮದು ಮೊದಲು, ಕಾಸರಗೋಡಿನದು ಆಮೇಲೆ. ಬೆರಳಿಗೆ ಶಾಯಿ ಹಾಕಿಸಿಕೊಂಡು ಪರದೆಯ ಹಿಂದೆ ಹೋದೆ. ದಿಲ್ಲಿಯ ಲೋಕಸಭೆಯ ಕಾಗದವನ್ನು ಯಾವುದೋ ಒಂದು ಪೆಟ್ಟಿಗೆಗೆ ಹಾಕಿದೆ. ವಿಧಾನಸಭೆಯದನ್ನು ಹಿಡಿದುಕೊಂಡು ಒಂದೊಂದೇ ಚಿಹ್ನೆ ನೋಡಿದೆ. ನಮ್ಮೂರಿನವರ ಪೆಟ್ಟಿಗೆ ಅಲ್ಲಿ ಎಲ್ಲಿಂದ ಬರಬೇಕು? ಕಾಗದ ರವಿಕೆಯೊಳಗೆ ಸೇರಿತು.

ಮರುದಿನ ಇವರು ದೋಣಿ ಹತ್ತಿದ್ದೇ ತಡ, ಅದನ್ನು ಲಕೋಟೆಯಲ್ಲಿಟ್ಟು ಅಜ್ಜಿಗೆ ಕಳಿಸಿದೆ. ನಿಮ್ಮದರ ಜತೆ ಇದನ್ನೂ ನಮ್ಮವರ ಪೆಟ್ಟಿಗೆಗೆ ಹಾಕಿ ಎಂದು ಬರೆದೆ. ಅಜ್ಜಿಗೆ ಓದಲು ಬಾರದು, ಲಕೋಟೆ ಒಡೆಯುವುದು ವಕೀಲರ ಗುಮಾಸ್ತರಾದ ಅಪ್ಪನೇ ಎಂಬುದು ನನ್ನ ತಲೆಗೇ ಹೋಗಲಿಲ್ಲ.

ಅಂಚೆಯವನ ದಾರಿ ನೋಡಿ ನೋಡಿ ಸಾಕಾಯಿತು. ಕೊನೆಗೆ ಮೆಣಸಿನ ವ್ಯಾಪಾರಕ್ಕೆ ಬಂದ ಸೋದರಮಾವ ಒಂದು ಸಂಜೆ, ಇವರೂ ಇದ್ದಾಗ, ಮನೆಗೆ ಬಂದರು. ಕಾಲು ತೊಳೆಯುವ ಮೊದಲೇ ನಗಲು ಶುರು.

“ಎಂತ ಮಾಡಿದ್ದು ಮಾರಾಯ್ತಿ ನೀನು! ನಿನ್ನ ಅಪ್ಪ ನಡುಗಿಯೇ ಹೋದರು. ‘ಶಾಯಿ ಅಲ್ಲಿ, ಓಟು ಇಲ್ಲಿಯಾ? ಅಳಿಯನ ಕೆಲಸ ತೆಗೆಸ್ತಾಳೆ ಇವಳು’ ಅಂತ ಅದನ್ನು ಬಚ್ಚಲೊಲೆಗೆ ಹಾಕಿದರು.”

ಇವರ ಮುಖ ಬಿಳಿಚಿತು. ನನಗೆ ಮಾತ್ರ ಅಳು ಒತ್ತಿ ಬಂತು. ಅಯ್ಯೋ, ಬಚ್ಚಲೊಲೆಯಲ್ಲಿ ಹೋಯಿತಲ್ಲ ನನ್ನ ಓಟು!

“ಅಜ್ಜಿ ಎಂತ ಹೇಳಿದರು?”

ಮಾವನ ನಗು ನಿಂತಿತು. “ಆಗ ಅವರು ಎಂತದೂ ಹೇಳಲಿಲ್ಲ. ಓಟಿನ ದಿನ ನಾನೇ ಕರಕೊಂಡು ಹೋದದ್ದು. ಪರದೆಯ ಹಿಂದೆ ಹೋದವರು ಹೊರಗೆ ಬರುವುದೇ ಇಲ್ಲ. ಆಫೀಸರು ‘ಅಜ್ಜೀ, ಆಯ್ತಾ?’ ಅಂತ ಕೂಗಿದರೆ ಒಳಗಿಂದ ಅಜ್ಜಿ, ‘ತಡಿ ಮಗಾ, ನನ್ನದನ್ನು ಪುಳ್ಳಿಯ ಹೆಸರಲ್ಲಿ ಹಾಕುವುದುಂಟು’ ಅಂತ.”

“ನಕ್ಷತ್ರವನ್ನೂ ಹೇಳಿದರಾ?” ಎಂದೆ.

“ಹೇಳದೆ ಬಿಡ್ತಾರಾ? ಸಾಲಲ್ಲಿ ನಿಂತವರಿಗೆಲ್ಲ ಕೇಳಿತು.”

ಮಾವನಿಗೆ ಕಾಫಿ ಮಾಡುತ್ತೇನೆಂದು ಅಡುಗೆಮನೆಗೆ ಹೋದವಳು ಒಲೆಯ ಮುಂದೆ ಕೂತುಬಿಟ್ಟೆ. ಕೊನೆಗೆ ಇವರೇ ಬಂದು ಹಾಲು ಕಾಯಿಸಲು ಇಟ್ಟರು.