ಹತ್ತು ಕಡಲೆಕಾಯಿ

ಪಾವಗಡದ ಕಡೆಗೆ ಬಂದ ಮೂರನೆಯ ದಿನ, ಒಬ್ಬ ಮನುಷ್ಯನನ್ನು ಅವನ ಮನೆಯ ಜಗಲಿಯ ಮೇಲೆ ಕೂರಿಸಿಕೊಂಡು, ನಿನ್ನ ಆಯಸ್ಸಿನಲ್ಲಿ ಎಷ್ಟು ವರ್ಷ ಬಿಟ್ಟುಕೊಡುತ್ತೀಯ ಎಂದು ಕೇಳುವುದನ್ನು ನೋಡಿದೆ. ಕೇಳಿದವರು ನಾನು ಅಡುಗೆ ಮಾಡಿಹಾಕುವ ಡಾಕ್ಟರಮ್ಮ. ಕೂತಿದ್ದವರು ಓಬಳೇಶಪ್ಪ, ಕಿಡ್ನಿ ಹೋಗಿ ವಾರಕ್ಕೆರಡು ಸಲ ಡಯಾಲಿಸಿಸ್ ಮಾಡಿಸಿಕೊಳ್ಳುವ ರೈತ.

"ಇನ್ನು ಹತ್ತು ವರ್ಷ ಹಿಂಗೇ ಮೆಷಿನ್ ಮೇಲೆ ಇರ್ತೀರಿ ಅಂತ ಇಟ್ಕೊಳ್ಳಿ. ಅದರ ಬದಲು ಪೂರ್ತಿ ಗಟ್ಟಿಮುಟ್ಟಾಗಿ ಇರಬಹುದು, ಆದ್ರೆ ವರ್ಷ ಕಮ್ಮಿ. ಎಷ್ಟು ವರ್ಷ ಬಿಡ್ತೀರಿ?"

ಓಬಳೇಶಪ್ಪನ ಹೆಂಡತಿ ಮೊರ ಕೆಳಗಿಟ್ಟು, "ಏಮಮ್ಮಾ, ನೀವೇನು ಯಮನ ಆಪೀಸಿಂದ ಬಂದೀರಾ?" ಎಂದಳು.

ಕೈಯಲ್ಲಿ ಊಟದ ಕ್ಯಾರಿಯರ್ ಹಿಡಿದು ನಿಂತಿದ್ದ ನನಗೂ ಹಾಗೇ ಅನ್ನಿಸಿತ್ತು.

ನಮ್ಮ ಹೊಳವನಹಳ್ಳಿಯಿಂದ ಇಲ್ಲಿಗೆ ಬಹಳ ದೂರವೇನಿಲ್ಲ. ಕೊರಟಗೆರೆ, ಮಧುಗಿರಿ ದಾಟಿ ಬಸ್ಸು ಬದಲಿಸಿದರೆ ಬೆಳಿಗ್ಗೆ ಹೊರಟವರು ಊಟದ ಹೊತ್ತಿಗೆ ಬಂದು ಸೇರಬಹುದು. ಅಷ್ಟರಲ್ಲೇ ನೆಲ ಬೇರೆ, ನೀರು ಬೇರೆ, ಮಾತು ಬೇರೆ. ಬಸ್ಸಿನ ಕಿಟಕಿಯಿಂದ ತುಂಬಿದ ಕೆರೆ ಎಂದು ನಾನು ಕೈಮುಗಿದದ್ದು ಕೆರೆಯಾಗಿರಲಿಲ್ಲ, ಬಿಸಿಲಿನಿಂದ ಕರೆಂಟು ಮಾಡುವ ಗಾಜಿನ ಹಲಗೆಗಳ ಸಾಲು. ಪಕ್ಕದಲ್ಲಿ ಕೂತಿದ್ದ ಅಜ್ಜಿ ನಕ್ಕು, "ನೀಳ್ಳು ಕಾದಮ್ಮ" ಎಂದಳು. ನೀಳ್ಳು ಎಂದರೆ ನೀರು, ಕಾದು ಎಂದರೆ ಅಲ್ಲ. ಅದೇ ನಾನು ಕಲಿತ ಮೊದಲ ತೆಲುಗು ಮಾತು. ಆ ನೀರು ಎಷ್ಟು ಗಡಸೆಂದರೆ ಬೇಳೆ ಬೇಯದು. ಮೊದಲ ವಾರ ಡಾಕ್ಟರಮ್ಮ ಅರೆಬೆಂದ ಸಾರನ್ನೇ ಮಾತಾಡದೆ ಉಂಡರು. ಆಮೇಲೆ ಬೇಳೆಗೆ ಮಾತ್ರ ಕ್ಯಾನಿನ ನೀರು ಹಾಕುವುದನ್ನು ಪಕ್ಕದ ಮನೆಯವಳು ಹೇಳಿಕೊಟ್ಟಳು. ಉಗ್ಗಾನಿಯನ್ನೂ ಅವಳೇ ಕಲಿಸಿದಳು. ಮಂಡಕ್ಕಿಯನ್ನು ನೆನೆಸಿ ಹಿಂಡಿ ಒಗ್ಗರಣೆ ಹಾಕುವುದು. ನಾನು ಮಾಡಿದ್ದನ್ನು ತಿಂದು "ಪರವಾಲೇದು" ಎಂದಳು. ನಮ್ಮ ಪರವಾಗಿಲ್ಲವೇ ಇಲ್ಲಿ ಪರವಾಲೇದು ಎಂದು ತಿಳಿದಾಗ, ಗುರುತಿಲ್ಲದ ಊರಲ್ಲಿ ನೆಂಟರ ಮುಖ ಕಂಡಷ್ಟು ಸಂತೋಷವಾಯಿತು.

ಆ ಮಾತೇ ನನ್ನ ಕುತ್ತಿಗೆಗೆ ಬರುತ್ತದೆಂದು ಆಗ ತಿಳಿದಿರಲಿಲ್ಲ.

ನಾನು ಓದಿರುವುದು ಏಳನೆಯ ಕ್ಲಾಸು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ತಮ್ಮ ನಾಗರಾಜನ ಮನೆಯಲ್ಲಿದ್ದೆ. ಅವನಿಗೂ ಇದೇ ಕಾಯಿಲೆ. ಮಂಗಳವಾರ, ಶುಕ್ರವಾರ ಅವನನ್ನು ಬಸ್ಸಿಗೆ ಹತ್ತಿಸಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಮೆಷಿನ್ನಿನ ಪಕ್ಕ ಅರ್ಧ ದಿನ ಕೂತು, ವಾಪಸು ಬರುವಾಗ ಅವನ ತಲೆಯನ್ನು ನನ್ನ ಹೆಗಲಿಗೆ ಒರಗಿಸಿಕೊಂಡು ಬರುವುದು ನನ್ನ ಕೆಲಸ. ಮೂರು ವರ್ಷ ಮಾಡಿದೆ. ನನಗೆ ಸಾಕಾಗಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ, ಈಗ ಬರೆಯುತ್ತಿದ್ದೇನೆ.

ಕಿಡ್ನಿ ರೋಗಿಗಳ ಸ್ಥಿತಿ ಕೇಳಿ ಬರೆದುಕೊಳ್ಳುವ ಡಾಕ್ಟರಮ್ಮನವರ ತಂಡ ನಮ್ಮ ಕೊರಟಗೆರೆ, ಮಧುಗಿರಿ, ಸಿರಾ, ಪಾವಗಡ, ನಾಲ್ಕೂ ತಾಲ್ಲೂಕಿಗೆ ಹೋಗಬೇಕಿತ್ತು. ಮೊದಲು ನಮ್ಮ ಕಡೆಗೆ ಬಂದಾಗ ಅವರಿಗೆ ಎರಡು ವಾರ ಅಡುಗೆ ಮಾಡಿದೆ. ಆಗ ಅವರು ರೋಗಿಗಳಿಗೆ ಕೇಳುತ್ತಿದ್ದುದು ವರ್ಷದ ಪ್ರಶ್ನೆಯಲ್ಲ. ನಿಮ್ಮ ಆರೋಗ್ಯಕ್ಕೆ ನೂರಕ್ಕೆ ಎಷ್ಟು ಕೊಡುತ್ತೀರಿ ಎಂದು ಕೇಳುತ್ತಿದ್ದರು. ಎದ್ದು ನಿಲ್ಲಲಾಗದ ಒಬ್ಬ ಮೇಷ್ಟ್ರು, "ಮೂವತ್ತೈದು ಹಾಕ್ಕೊಳಿ, ಪಾಸಾಗ್ಲಿ" ಎಂದರು. ಊರಿನ ಅರ್ಧ ಜನ ಮೂವತ್ತೈದೇ ಹೇಳಿದರು. ಫೇಲಾಗಲು ಯಾರಿಗೂ ಇಷ್ಟವಿರಲಿಲ್ಲ.

ಕೊನೆಯ ದಿನ ನಮ್ಮ ಮನೆಯ ಸರದಿ. ರೋಗಿ ಮಲಗಿದ್ದರೆ ಮನೆಯವರು ಹೇಳಬಹುದಿತ್ತು. ಹಿಂದಿನ ರಾತ್ರಿ ತಾನೇ ಡಾಕ್ಟರಮ್ಮ, "ಪಾವಗಡದಲ್ಲಿ ಒಂದು ವರ್ಷ ಇರಬೇಕು, ಅಡುಗೆಗೆ ಬರ್ತೀರಾ? ಆದ್ರೆ ನಿಮ್ಮ ತಮ್ಮನ್ನ ಬಿಟ್ಟು ಬರೋಕಾಗುತ್ತಾ?" ಎಂದಿದ್ದರು. ಅವರು ಹಾಳೆ ಹಿಡಿದು ಬಾಗಿಲಿಗೆ ಬಂದಾಗ ನಾನು ಒಳಗೆ ಇಣುಕಿಯೂ ನೋಡದೆ, "ಮಲಗವ್ನೆ" ಎಂದೆ.

"ಹೇಗಿದಾರೆ?"

"ಪರವಾಗಿಲ್ಲ ಕಣಮ್ಮ, ಓಡಾಡ್ಕಂಡವ್ನೆ."

"ನೂರಕ್ಕೆ?"

"ತೊಂಬತ್ತು."

ಹದಿನೈದು ದಿನದಲ್ಲಿ ನಾನು ಪಾವಗಡದಲ್ಲಿದ್ದೆ. ನಾಗರಾಜನನ್ನು ಬಸ್ಸಿಗೆ ಹತ್ತಿಸುವ ಕೆಲಸ ಅವನ ಹೆಂಡತಿಯ ಹೆಗಲಿಗೆ ಬಿತ್ತು.

ಓಬಳೇಶಪ್ಪನ ಜಗಲಿಗೆ ಮತ್ತೆ ಬರುತ್ತೇನೆ. ನೂರರ ಲೆಕ್ಕ ಕೈಕೊಟ್ಟಿದ್ದರಿಂದಲೇ ಡಾಕ್ಟರಮ್ಮ ಈ ಹೊಸ ಪ್ರಶ್ನೆ ತಂದಿದ್ದರು. ಹಾಳೆಯ ಮೇಲೆ ಹತ್ತು ಮನೆ ಬರೆದು ತೋರಿಸಿದರು. ಓಬಳೇಶಪ್ಪನ ಕಣ್ಣಿಗೆ ಅದು ಕಾಣುತ್ತಿರಲಿಲ್ಲ. ಅಲ್ಲೇ ಮೊರದಲ್ಲಿದ್ದ ಕಡಲೆಕಾಯಿಯನ್ನು ನಾನು ಹತ್ತು ಎಣಿಸಿ ಅವರ ಮುಂದೆ ಸಾಲಾಗಿ ಇಟ್ಟೆ. ಇಲ್ಲಿ ಅದಕ್ಕೆ ಚೆನಿಕ್ಕಾಯ ಎನ್ನುತ್ತಾರೆ.

"ಒಂದೊಂದು ಕಾಯಿ ಒಂದೊಂದು ವರ್ಷ ಕಣಣ್ಣ. ಗಟ್ಟಿಯಾಗಿರಾಕೆ ಎಷ್ಟು ಬಿಡ್ತೀರೋ ಅಷ್ಟು ತೆಗೀರಿ."

"ನೋಡ್ಕಳಮ್ಮ, ತಿನ್ಬುಟ್ಟಾನು," ಎಂದಳು ಹೆಂಡತಿ.

ಅವರು ನಗಲಿಲ್ಲ. ಒಂದು ಸರಿಸಿದರು. ಇನ್ನೊಂದು. ಐದನೆಯದರ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತು ಅದನ್ನೂ ಸರಿಸಿದರು. "ಇಂಕ ಚಾಲು, ಇನ್ನು ಸಾಕು. ಮೊಮ್ಮಗಳ ಮದುವೆ ನೋಡ್ಬೇಕು." ಸ್ವಲ್ಪ ಹೊತ್ತಿನ ಮುಂಚೆ ಇದೇ ಮನುಷ್ಯ ಹೇಗಿದ್ದೀರಿ ಎಂದರೆ ಪರವಾಲೇದು ಎಂದಿದ್ದರು. ಪರವಾಲೇದು ಎನ್ನುವುದರ ಒಳಗೆ ಐದು ವರ್ಷ ಅಡಗಿತ್ತು. ನನ್ನ ಮೈ ಜುಮ್ಮೆಂದಿತು. ದೇವರ ಮುಂದೆ ನಿಂತಾಗ ಆಗುವಂಥದ್ದು.

ಅಂದಿನಿಂದ ನನ್ನ ಕಡಲೆಕಾಯಿ ಡಬ್ಬಿಯೂ ಜೀಪಿಗೆ ಹತ್ತಿತು. ಸಿರಾದಲ್ಲಿ ಅತ್ತರಿನ ಅಂಗಡಿಯ ಒಬ್ಬಾಕೆ ಉರ್ದುವಿನಲ್ಲಿ "ಪರ್ವಾ ನೈ" ಎಂದು ಹೇಳಿ ಏಳು ಕಾಯಿ ಸರಿಸಿದಳು. ಮೂರು ಭಾಷೆಯವರೂ ಅದೇ ಮಾತಿನ ಹಿಂದೆ ಬಚ್ಚಿಟ್ಟುಕೊಂಡಿದ್ದರು.

ಇದೆಲ್ಲ ಯಾಕೆ ಎಂದು ಒಂದು ದಿನ ಕೇಳಿದೆ. ಡಾಕ್ಟರಮ್ಮ ಸೊಪ್ಪು ಬಿಡಿಸುತ್ತಾ ಹೇಳಿದರು. ಆಸ್ಪತ್ರೆಗೆ ಹೋಗದೆ ಮನೆಯಲ್ಲೇ ಹೊಟ್ಟೆಗೆ ಔಷಧಿ ನೀರು ಬಿಟ್ಟು ತೆಗೆಯುವ ಚೀಲ ಇದೆ. ಸರ್ಕಾರ ಚೀಲ ಕೊಡುವುದು ಒಳ್ಳೆಯದೋ, ಮೆಷಿನ್ನನ್ನೇ ಹೆಚ್ಚಿಸುವುದೋ, ಅಳೆದು ಹೇಳಬೇಕು.

"ಅಳೆಯೋಕೆ ನಮ್ಮ ಹತ್ರ ನಮ್ಮ ಜನದ ಲೆಕ್ಕನೇ ಇಲ್ಲ. ಹೊರದೇಶದ್ದು ತಂದು ಹಾಕ್ತಾರೆ. ಅಲ್ಲಿ ರೋಗಿ ಕಾರಲ್ಲಿ ಹೋಗ್ತಾನೆ. ಆಸ್ಪತ್ರೆ ಕಾಗದದಲ್ಲಿ ಮೆಷಿನ್ ಎಷ್ಟು ಹೊತ್ತು ಓಡ್ತು ಅಂತಿರುತ್ತೆ. ವಾಪಸ್ ಬರ್ತಾ ಬಸ್ಸಲ್ಲಿ ವಾಂತಿ ಮಾಡ್ಕೊಂಡಿದ್ದು ಎಲ್ಲಿರುತ್ತೆ? ಮೆಷಿನ್ ಮೇಲೆ ಎಲ್ರೂ ಚೆನ್ನಾಗೇ ಇದಾರೆ ಅಂತ ಹಾಳೆ ಹೇಳಿದ್ರೆ, ಚೀಲ ಯಾಕೆ ಬೇಕು ಅಂತಾರೆ ಮೇಲಿನವರು."

ಹಿಟ್ಟು ತಿರುಗಿಸುತ್ತಿದ್ದ ಕೋಲು ನನ್ನ ಕೈಯಲ್ಲೇ ನಿಂತಿತು. ಎಲ್ಲೋ ದೊಡ್ಡ ಊರಿನ ದೊಡ್ಡ ಮೇಜಿನವರೆಗೂ ಓಬಳೇಶಪ್ಪನ ಐದು ಕಾಯಿ ಹೋಗುತ್ತದೆ. ನನ್ನ ತೊಂಬತ್ತೂ ಹೋಗುತ್ತದೆ.

"ನಮ್ಮ ಮನೆ ಹಾಳೆ ಸುಳ್ಳಮ್ಮ," ಎಂದೆ. ಎಲ್ಲ ಹೇಳಿದೆ. ಕೆಲಸ ಬೇಕಿತ್ತು, ಅವನಿಂದ ತಪ್ಪಿಸಿಕೊಳ್ಳಬೇಕಿತ್ತು, ಎಲ್ಲ.

ಮುದ್ದೆ ತಳ ಹತ್ತಿತು. ಅವರು ಬೈಯಲಿಲ್ಲ. ಕೊರಟಗೆರೆ ತಾಲ್ಲೂಕಿನ ಹಾಳೆಗಳ ಕಟ್ಟು ತಂದು ಬಿಚ್ಚಿ ನಮ್ಮ ಹಾಳೆ ತೆಗೆದು, ತೊಂಬತ್ತರ ಮೇಲೆ ಒಂದು ಗೆರೆ ಎಳೆದು, ‘ಮತ್ತೆ ಕೇಳಬೇಕು’ ಎಂದು ಬರೆದರು. "ಮನೆಯವರು ಹೇಳಿದ ಹಾಳೆಗಳನ್ನೆಲ್ಲ ಮತ್ತೆ ಕೇಳ್ಬೇಕು ಅನ್ಸುತ್ತೆ. ಬುಧವಾರ ನಾನು ಹೊಳವನಹಳ್ಳಿಗೆ ಹೋಗ್ತೀನಿ. ನೀವು ಮೊದಲೇ ಹೋಗಿ. ನೀವು ಕೇಳಿದ್ದು ನನ್ನ ಹಾಳೆಗೆ ಬರಲ್ಲ. ಆದ್ರೂ ಮೊದ್ಲು ನೀವು ಕೇಳಿ."

ಸೋಮವಾರ ಹೋದೆ. ನಾಗರಾಜ ಬಾಗಿಲ ಬಿಸಿಲಿನಲ್ಲಿ ಕೂತಿದ್ದ. ಕಾಲು ಊದಿತ್ತು. "ಬಂದ್ಯಾ, ಪಾವಗಡದಮ್ಮ" ಎಂದ. ಅವನ ಮುಂದೆ ಚಾಪೆಯ ಮೇಲೆ ಹತ್ತು ಕಾಯಿ ಇಟ್ಟು, ಓಬಳೇಶಪ್ಪನಿಗೆ ಹೇಳಿದಂತೆಯೇ ಹೇಳಿದೆ.

ಅವನು ಕಾಯಿ ನೋಡಲಿಲ್ಲ, ನನ್ನ ಮುಖ ನೋಡಿದ. "ಕೇಳ್ತಿರೋದು ಯಾರು? ನೀನಾ, ನಿನ್ನ ಆಪೀಸಾ?"

"ನಾನೇ ಕಣಪ್ಪ. ಆಪೀಸಿನೋರು ಬುಧವಾರ ಬತ್ತಾರೆ."

"ಅವತ್ತು ನಾನು ಮಲಗಿರ್ಲಿಲ್ಲ. ತೊಂಬತ್ತು ಅಂದಿದ್ದು ಕೇಳುಸ್ತು."

"ಯಾಕೋ ಸುಮ್ನಿದ್ದೆ?"

"ನಿಂಗೆ ಹೋಗ್ಬೇಕಿತ್ತು. ಹೋಗ್ಲಿ ಅಂದ್ಕಂಡೆ. ಏನೋ ಪರವಾಗಿಲ್ಲ ಅಂತ."

ಆಮೇಲೆ ಕೈ ಚಾಚಿದ. ಒಂದು, ಎರಡು, ಮೂರು. ಎಲ್ಲೂ ನಿಲ್ಲಿಸಿ ಯೋಚಿಸಲಿಲ್ಲ. ಮೊದಲೇ ಎಣಿಸಿ ಇಟ್ಟುಕೊಂಡವನ ಹಾಗೆ ಎಂಟು ಸರಿಸಿ, ಉಳಿದ ಎರಡನ್ನು ಹತ್ತಿರ ಎಳೆದುಕೊಂಡ. "ಇಷ್ಟು ಸಾಕು. ಗಟ್ಟಿಯಾಗಿದ್ರೆ ನಾನೇ ಬಸ್ ಹತ್ತಿ ನಿನ್ನೂರು ನೋಡ್ಕಂಡ್ ಬತ್ತೀನಿ."

ಬುಧವಾರ ಡಾಕ್ಟರಮ್ಮ ಬಂದಾಗಲೂ ಎಂಟೇ ಸರಿಸಿದ. ಈ ಸಲ ಹಾಳೆಯಲ್ಲಿ ಬರೆದದ್ದು ಅವನು ಹೇಳಿದ್ದನ್ನೇ. ಚೀಲ ಬರುತ್ತದೋ ಇಲ್ಲವೋ, ಬಂದರೂ ಅವನ ಕಾಲಕ್ಕೆ ಬರುತ್ತದೋ, ಡಾಕ್ಟರಮ್ಮನಿಗೂ ತಿಳಿಯದು. ಶುಕ್ರವಾರ ನಾನೇ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ವಾಪಸು ಬರುವಾಗ ಹೆಗಲ ಮೇಲೆ ಅವನ ತಲೆ ಮುಂಚಿಗಿಂತ ಹಗುರವಾಗಿತ್ತು.

ಶನಿವಾರ ಪಾವಗಡಕ್ಕೆ ಹೊರಟೆ. ಅಲ್ಲಿ ಕೇಳಬೇಕಾದ ಮನೆಗಳು ಇನ್ನೂ ಇವೆ. ಮಧುಗಿರಿಯಲ್ಲಿ ಬಸ್ಸು ಬದಲಿಸಿದೆ. ಪಕ್ಕದವಳು ಜಾಗ ಕೊಡುತ್ತಾ, "ಊರಿಗಾ ಅಕ್ಕಾ?" ಎಂದಳು. ಬಸ್ಸಿನ ಮುಖ ಪಾವಗಡದ ಕಡೆಗಿತ್ತು. ನನ್ನೂರು ಹಿಂದಿತ್ತೋ ಮುಂದಿತ್ತೋ ನನಗೇ ತಿಳಿಯಲಿಲ್ಲ. ಅವನು ಬಿಟ್ಟುಕೊಟ್ಟ ಎಂಟು ಕಾಯಿ ಸೆರಗಿನ ಗಂಟಿನಲ್ಲಿದ್ದವು. ಆ ಗಂಟನ್ನು ಹಿಡಿದು ಕೂತೆ.