ಆಯಿ ಕಾಣದ ಪಶುಪತಿನಾಥ

ಆಗ ನಮ್ಮ ಕಮರಿಪೇಟೆಯ ಓಣಿಯಲ್ಲಿ ಪರದೇಶ ಕಂಡವರೆಂದರೆ ನೇಪಾಳಕ್ಕೆ ಹೋಗಿ ಪಶುಪತಿನಾಥನ ದರ್ಶನ ಮಾಡಿ ಬಂದವರು ಮಾತ್ರ. ಮುತ್ಯಾ, ನಮ್ಮ ಅಜ್ಜ, ತೀರಿದಾಗಿನಿಂದ ಆಯಿಗೂ, ಅಂದರೆ ಅಪ್ಪನ ತಾಯಿಗೂ, ಅದೊಂದೇ ಆಸೆ. ನನಗೆ ಹನ್ನೆರಡು ವರ್ಷವಾಗಿದ್ದಾಗ, ಮಳೆಗಾಲದಲ್ಲಿ, ಕಾಕಾ ಅವಳನ್ನು ಕರೆದುಕೊಂಡು ಹೊರಟ. ಕಾಕಾನ ಸಂತೆಯ ಉರ್ದು ಅಲ್ಲಿ ನಡೆಯುವುದಿಲ್ಲವೆಂದು, ಹಿಂದಿಯಲ್ಲಿ ಬಹುಮಾನ ಪಡೆದ ನನ್ನನ್ನೂ ಶಾಲೆ ತಪ್ಪಿಸಿ ಒಯ್ದರು.

ಗಡಿ ದಾಟಿ, ಬೆಟ್ಟದ ಬುಡದ ಧರ್ಮಶಾಲೆಯೊಂದರಲ್ಲಿ ಇಳಿದೆವು. ಎಲ್ಲೆಡೆ ಹಸಿ ಕಟ್ಟಿಗೆಯ ಹೊಗೆ, ಒದ್ದೆ ಕಂಬಳಿಯ ವಾಸನೆ. ಪಕ್ಕದಲ್ಲಿ ಬಿಹಾರದ ಒಬ್ಬ ಹೆಂಗಸು ಮತ್ತು ಅವಳ ಮಗಳಿದ್ದರು. ಆ ಹುಡುಗಿ ಐದು ಕಲ್ಲಿನ ಆಟದಲ್ಲಿ ನನ್ನನ್ನು ಮೂರು ಸಲ ಸೋಲಿಸಿದಳು. ತಾಯಿ ನನಗೆ ಹುರಿದ ಕಡಲೆ ಕೊಟ್ಟಳು. ಆಯಿ ಅವರಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು.

ಬೆಳಿಗ್ಗೆ ಬಸ್ಸು ಬಂದಾಗ ಆಯಿ ಇನ್ನೂ ಲಿಂಗಪೂಜೆಗೆ ಕೂತಿದ್ದಳು.

“ಯವ್ವಾ, ಲಗೂ ಏಳ. ಬಸ್ಸು ನಿಮ್ಮಪ್ಪಂದಲ್ಲ,” ಎಂದ ಕಾಕಾ.

“ನಮ್ಮಪ್ಪನ್ನ ಕೈಯಾಗ ಹಿಡಕೊಂಡ ಕುಂತೇನಿ. ಸುಮ್ನ ನಿಂದ್ರು.”

ಬಸ್ಸು ಆ ತಾಯಿ ಮಗಳನ್ನು ಹತ್ತಿಸಿಕೊಂಡು ಹೊರಟುಹೋಯಿತು.

ಎರಡು ತಾಸಿಗೆ ಸುದ್ದಿ ಬಂತು: ಗುಡ್ಡ ಕುಸಿದು ಆ ಬಸ್ಸಿನ ಮೇಲೆಯೇ ಬಿದ್ದಿತ್ತು. ಕಾಕಾ ಊರವರ ಜೊತೆ ಮಣ್ಣು ತೆಗೆಯಲು ಓಡಿದ. ಮಧ್ಯಾಹ್ನ ಹೆಣಗಳನ್ನು ತಂದು ಧರ್ಮಶಾಲೆಯ ಅಂಗಳದಲ್ಲಿ ಸಾಲಾಗಿ ಮಲಗಿಸಿದರು. ಒಂದು ಚಾದರದ ಹೊರಗೆ ಕೈಯೊಂದು ಉಳಿದಿತ್ತು. ಹಸಿರು ಬಳೆ ಒಂದೂ ಒಡೆದಿರಲಿಲ್ಲ. ಅದು ನನಗೆ ಕಡಲೆ ಕೊಟ್ಟ ಕೈ. ಪಕ್ಕದ ಚಾದರದ ಕೆಳಗಿದ್ದ ಮೈ ಚಿಕ್ಕದಿತ್ತು. ನಾನು ಮತ್ತೆ ಅತ್ತ ನೋಡಲಿಲ್ಲ. ಅಳುವೂ ಬರಲಿಲ್ಲ.

ಆಯಿ ಬಹಳ ಹೊತ್ತು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, “ನಮ್ಮನ್ನ ಉಳಿಸ್ಯಾನಂದ್ರ ಅವಾ ಕರಿಯಾಕತ್ತಾನ. ತಮ್ಮಾ, ದಾರಿ ಯಾವಾಗ ಬಿಡ್ತಾರ, ಪೊಲೀಸನ್ನ ಕೇಳಿ ಬಾ,” ಎಂದಳು.

ಪೊಲೀಸ ಹಿಂದಿಯಲ್ಲಿ ಹೇಳಿದ: ನಾಳೆ ಸಂಜೆಯೊಳಗೆ ಮಣ್ಣು ತೆಗೆಯುತ್ತೇವೆ, ನಾಡಿದ್ದು ಬಸ್ಸು ಬಿಡುತ್ತೇವೆ. ಒಂದೊಂದು ಶಬ್ದವೂ ನನಗೆ ತಿಳಿಯಿತು.

“ಇನ್ನ ಒಂದು ತಿಂಗಳು ದಾರಿ ತೆರಿಯೂದಿಲ್ಲಂತ, ಆಯಿ. ಹೊಳ್ಳಿ ಹೋಗ್ರಿ ಅಂದ.”

“ಖರೇನ?”

“ಖರೇ.”

ಮೈಯೆಲ್ಲ ಕೆಸರಾಗಿ ಬಂದ ಕಾಕಾನಿಗೂ ಅದನ್ನೇ ಹೇಳಿದೆ. ಅವನು ಮತ್ತೆ ಯಾರನ್ನೂ ಕೇಳಲಿಲ್ಲ. “ಸಾಕವ್ವಾ, ಊರಿಗೆ ಹೋಗೂಣ,” ಎಂದಷ್ಟೇ ಹೇಳಿದ.

ಊರಲ್ಲಿ ಕೇಳಿದವರಿಗೆಲ್ಲ ಆಯಿಯದು ಒಂದೇ ಉತ್ತರ: “ನನ್ನ ಪೂಜ್ಯಾಗ ಏನೋ ತಪ್ಪೇತ್ರಿ. ಬಾಗಲತನಾ ಕರದು ಬ್ಯಾಡ ಅಂದ.” ಆ ತಪ್ಪು ಯಾವುದೆಂದು ಅವಳು ಏಳು ವರ್ಷ ಹುಡುಕಿದಳು. ಉಪವಾಸ ಹೆಚ್ಚಿಸಿದಳು. ಮಠದ ಸ್ವಾಮಿಗಳ ಮುಂದೆ ಅತ್ತಳು. ಹಾಸಿಗೆ ಹಿಡಿದ ಮೇಲೆ ಒಂದು ದಿನ ನನ್ನನ್ನೇ ಕೇಳಿದಳು, “ನೀ ಜೋಡಿ ಇದ್ದಿ. ನಾ ಏನ ತಪ್ಪ ಮಾಡಿದ್ನೋ ತಮ್ಮಾ?”

“ನನಗೇನ ಗೊತ್ತ, ಆಯಿ,” ಎಂದೆ.

ಈಗ ನವನಗರದ ಮಗಳ ಮನೆಯಲ್ಲಿದ್ದೇನೆ. ಆಯಿಯ ವಯಸ್ಸನ್ನು ದಾಟಿದ್ದೇನೆ. ಕಾಕಾನೂ ಇಲ್ಲ. ಆ ಅಂಗಳದಲ್ಲಿ ಹೆದರಿ ಸುಳ್ಳು ಹೇಳಿದ ಹುಡುಗನನ್ನು ಹೇಗೋ ಕ್ಷಮಿಸಬಲ್ಲೆ. ಆದರೆ ಅವಳು ಹಾಸಿಗೆಯಿಂದ ಕೇಳಿದಾಗ ನನಗೆ ಹತ್ತೊಂಬತ್ತು. ಆಗ ಯಾವ ಭಯವೂ ಇರಲಿಲ್ಲ, ಬರೀ ನಾಚಿಕೆ. ಆ ನಾಚಿಕೆಗಾಗಿ, ದೇವರಿಗೆ ತಾನು ಬೇಡವಾದೆ ಎಂದೇ ಅವಳು ಸಾಯುವಂತೆ ಬಿಟ್ಟೆ.