ಸಪ್ಪಳ ಮಾಡದ ಪೆಟ್ಟಿಗೆ

ಮೊನ್ನೆ ಹರಪನಹಳ್ಳಿ ಬಸ್ ನಿಲ್ದಾಣದಲ್ಲಿ ಪಕ್ಕದಲ್ಲಿ ಕುಳಿತವರೊಬ್ಬರು ಶೇಂಗಾ ಎಣ್ಣೆಯ ಡಬ್ಬಿಯ ಮುಚ್ಚಳ ತೆಗೆದು ನೋಡಿದರು. ಆ ವಾಸನೆ ನನ್ನನ್ನು ಸೀದಾ ತೊಂಬತ್ತರ ದಶಕದ ಕೊನೆಯ ಕೊಟ್ಟೂರಿಗೆ, ಒಂದು ಎಣ್ಣೆ ಮಿಲ್ಲಿಗೆ ಒಯ್ದಿತು. ಆಗ ನಾನು ಹೊಸ ಇಂಜಿನಿಯರು. ತಿಳಿದದ್ದಕ್ಕಿಂತ ಮಾತೇ ಹೆಚ್ಚು. ಈಗಲೂ ಹಾಗೇ ಎನ್ನುವವರು ನಮ್ಮ ಮನೆಯಲ್ಲಿದ್ದಾರೆ, ಇರಲಿ ಬಿಡಿ.

ಮಿಲ್ಲು ಕರೆಂಟಿನ ಲೈನಿನ ತುದಿಯಲ್ಲಿತ್ತು. ದೊಡ್ಡ ಮೋಟರು ಶುರುವಾದರೆ ವೋಲ್ಟೇಜ್ ಕುಸಿದು ಅಕ್ಕಪಕ್ಕದ ಮನೆಗಳ ದೀಪವೂ ಮಂಕಾಗುತ್ತಿತ್ತು. ಆಗ ಆಪರೇಟರ್ ಕೊಟ್ರೇಶಪ್ಪ ಓಡಿಹೋಗಿ ವೋಲ್ಟೇಜ್ ಎತ್ತುವ ಕೆಪಾಸಿಟರ್‌ಗಳ ಬಟನ್ ಒತ್ತುತ್ತಿದ್ದರು. ಟಕ್ ಎಂದರೆ ವೋಲ್ಟೇಜ್ ಚೇತರಿಸಿಕೊಂಡಿತೆಂದು ಅರ್ಥ. ನಮ್ಮ ಕಂಪನಿಯಿಂದ ನಾನು ತಂದ ಪೆಟ್ಟಿಗೆಯಲ್ಲಿ ಆ ಕೆಲಸ ಥೈರಿಸ್ಟರ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್‌ಗಳದು. ಬೇಕಾದಷ್ಟು ಕೆಪಾಸಿಟರ್ ಅವೇ ಸೇರಿಸುತ್ತವೆ, ಬೇಡವಾದಾಗ ಅವೇ ಬಿಡಿಸುತ್ತವೆ, ಕಣ್ಣು ಮಿಟುಕಿಸುವಷ್ಟರಲ್ಲಿ. ನಾನೇ ವಿನ್ಯಾಸ ಮಾಡಿದ ಮೊದಲ ಪೆಟ್ಟಿಗೆ ಅದು. ಸರಿಹೋಗದಿದ್ದರೆ ವಾಪಸ್ ಒಯ್ಯಬೇಕೆಂದು ಮಿಲ್ಲಿನ ಮಾಲೀಕರಾದ ಸಾಹುಕಾರರು ಹೇಳಿದ್ದರು. ಹಾಗಾದರೆ ನನ್ನ ಕೆಲಸವೂ ಹೋದಂತೆಯೇ. ಹಳೆಯ ಕೆಪಾಸಿಟರ್‌ಗಳು ಮೂಲೆಯಲ್ಲಿ ಲೈನಿಗೆ ಜೋಡಿಸಿದಂತೆಯೇ ಇದ್ದವು.

ಮೊದಲ ದಿನ ಊಟದ ಹೊತ್ತಿಗೆ ಮೋಟರುಗಳು ನಿಂತವು. ವೋಲ್ಟೇಜ್ ಏರಿ ಆಫೀಸಿನ ಮೂರು ಬಲ್ಬು ಒಟ್ಟಿಗೇ ಸುಟ್ಟವು.

"ಏನವ್ವಾ, ನಿನ್ನ ಪೆಟ್ಟಿಗಿ ಬಲ್ಬ್ ಸುಡಾಕ ಬಂದೈತೇನು? ನಾಳೆ ಬಿಚ್ಚಿಸ್ಕೊಂಡು ಹೋಗು," ಎಂದರು ಸಾಹುಕಾರರು.

ನಾನು ಲೆಕ್ಕದ ಹಾಳೆ ತಿರುವುತ್ತಾ ತಪ್ಪು ಹುಡುಕುತ್ತಿದ್ದೆ. ಅಷ್ಟರಲ್ಲಿ ಕೊಟ್ರೇಶಪ್ಪ ಕೈಯೊರೆಸಿಕೊಳ್ಳುತ್ತಾ ಮುಂದೆ ಬಂದರು.

"ತಪ್ಪು ನಂದ್ರಿ ಸಾವ್ಕಾರ್ರ. ಈ ಪೆಟ್ಟಿಗಿ ಟಕ್ ಅನ್ಲೇ ಇಲ್ಲ. ಕೆಲ್ಸ ಮಾಡವಲ್ದು ಅಂತ ಹಳೇ ಕೆಪಾಸಿಟರ್‌ನೂ ನಾನಾ ಹಾಕಿದ್ನಿ. ಮೋಟರ್ ನಿಂತ ಮ್ಯಾಲೆ ತೆಗಿಯಾದು ಮರ್ತೆ, ಅದಕ್ಕಾ ವೋಲ್ಟೇಜ್ ಏರ್ತು."

ಅವರು ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸಾಹುಕಾರರು ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಇನ್ನೊಂದು ವಾರ ಇರ್ಲಿ ಬಿಡು," ಎಂದರು.

ನನಗೆ ನಾಚಿಕೆಯಾಯಿತು. ಥೈರಿಸ್ಟರ್ ಸದ್ದಿಲ್ಲದೆ ಕೆಲಸ ಮಾಡುತ್ತದೆಂದು ಸಾಹುಕಾರರೆದುರು ಒಂದು ಗಂಟೆ ಕೊಚ್ಚಿಕೊಂಡಿದ್ದೆ, ಬಟನ್ ಒತ್ತುವವರಿಗೆ ಮಾತ್ರ ಹೇಳಿರಲಿಲ್ಲ. ಮಧ್ಯಾಹ್ನ ಕೊಟ್ರೇಶಪ್ಪನವರನ್ನು ಮೀಟರಿನ ಮುಂದೆ ಕೂರಿಸಿದೆ. ಮೋಟರು ಶುರುವಾಯಿತು, ಮುಳ್ಳು ಚೂರು ಅಲುಗಿ ನಿಂತಿತು.

"ಒಂದೀಟೂ ಗದ್ದಲ ಇಲ್ದಂಗ ಮಾಡ್ತೈತಲ್ರಿ ಮೇಡಂ!" ಎಂದು ನಕ್ಕರು. ಪೆಟ್ಟಿಗೆ ಅಲ್ಲೇ ಉಳಿಯಿತು, ನನ್ನ ಕೆಲಸವೂ ಉಳಿಯಿತು.

ಮೊನ್ನೆ ಇದೆಲ್ಲ ನೆನೆಯುತ್ತಲೇ ಬಸ್ಸು ಹತ್ತಿದೆ. ಮರುದಿನ ಹಗರಿಬೊಮ್ಮನಹಳ್ಳಿಯ ಮಿಲ್ಲೊಂದಕ್ಕೆ ನಮ್ಮ ಹೊಸ ಪೆಟ್ಟಿಗೆ ಹೊರಡುವುದಿತ್ತು. ಮಾಲೀಕರಿಗೊಂದು ಕೈಪಿಡಿ ಕಳಿಸಿದರೆ ಸಾಕೆಂದುಕೊಂಡಿದ್ದೆ. ಬಸ್ಸು ಬಿಡುವ ಮೊದಲೇ ಅವರಿಗೆ ಫೋನು ಮಾಡಿದೆ.

"ನಾಳೆ ನಾನೇ ಬರ್ತೀನ್ರಿ. ನಿಮ್ಮಲ್ಲಿ ಮೋಟರ್ ಹಾಕೋರು ಯಾರು? ಅವರ ಹೆಸರು ಹೇಳ್ರಿ."